ಷರಾ

ಮೊದಲು ನಾಲಿಗೆ.
ಸಿಲ್ವೆಸ್ಟರ್ ಅದನ್ನು ಹೊರಗೆಳೆದು ಹಿಡಿಯುತ್ತಾನೆ,
ನಾನು ಅಡಿಗೆ ಬೆರಳೊತ್ತಿ ನೋಡುತ್ತೇನೆ
ಸಬ್ಬಕ್ಕಿಯಂಥ ಕಾಳು ಸಿಕ್ಕೀತೇ ಅಂತ.
ಆಮೇಲೆ ದವಡೆ, ಹೃದಯ, ಯಕೃತ್ತಿಗೆ ಎರಡು ಗೀರು.
ವಿರಾಜಪೇಟೆಯ ಕಸಾಯಿಖಾನೆಯ ಹಿಂಬದಿಯಲ್ಲಿ
ಹತ್ತೊಂಬತ್ತು ವರ್ಷದಿಂದ, ಬೆಳಗಿನ ಐದೂವರೆಗೆ,
ನಾನು ಓದುವ ಪುಸ್ತಕ ಇದೊಂದೇ.
ರಿಜಿಸ್ಟರಿನಲ್ಲಿ ದೋಷ ಎಂಬಲ್ಲಿ ಬರೆಯುತ್ತೇನೆ:
ಇಲ್ಲ, ಇಲ್ಲ, ಇಲ್ಲ.
ಚರ್ಮದ ಮೇಲೆ ನೇರಳೆ ಮುದ್ರೆ.
ಹುಲ್ಲಿನ ಬೆಂಕಿಗೆ ಸುಟ್ಟ ರೋಮದ ವಾಸನೆ
ಯಾವ ಸೋಪಿಗೂ ಹೋಗುವುದಿಲ್ಲ. ಉಜ್ಜುವುದು ಬಿಟ್ಟಿದ್ದೇನೆ.

ಕೈಲ್‌ಪೊಳ್ದ್‌ಗೆ ನಾಲ್ಕು ದಿನ ಇರುವಾಗ
ಮೈಸೂರಿಂದ ಮೇದಿನಿ ಬಂದಳು, ಕೈಯಲ್ಲಿ ಐಸ್ ಪೆಟ್ಟಿಗೆ.
ಒಳಗೆ ಅಂಗೈಯಗಲದ ತುಂಡು, ತಿಳಿಗುಲಾಬಿ.
ಹಂದಿಯದೇ ಮೇಡಂ, ಆದರೆ ಹಂದಿ ಸತ್ತಿಲ್ಲ,
ಚಿಟಿಕೆ ಜೀವಕೋಶ ತೆಗೆದು ಉಕ್ಕಿನ ಹಂಡೆಯಲ್ಲಿ ಬೆಳೆಸಿದ್ದು.
ಮಾರಾಟಕ್ಕಲ್ಲ. ಕೇಳಿಹೋಗಲು ಬಂದೆ,
ನೀವಾದರೆ ಇದರಲ್ಲಿ ಏನು ನೋಡುತ್ತೀರಿ?

ಅಭ್ಯಾಸಬಲ. ರಿಜಿಸ್ಟರ್ ತೆರೆದೆ.
ನಾಲಿಗೆ: ಇಲ್ಲ.
ಯಕೃತ್ತು: ಇಲ್ಲ.
ಅದೇ ಪದ, ಅದೇ ಪೆನ್ನು,
ಕೈ ಮಾತ್ರ ತಡೆಯಿತು.
ರೋಗ ಇಲ್ಲವೆಂಬ ಇಲ್ಲ ಬೇರೆ,
ರೋಗ ಕೂರಲು ಜಾಗವೇ ಇಲ್ಲವೆಂಬ ಇಲ್ಲ ಬೇರೆ,
ನೋಡಲು ನನಗೆ ಬಾರದೆಂಬ ಇಲ್ಲ
ಇನ್ನೂ ಬೇರೆ.

ಸಿಲ್ವೆಸ್ಟರ್ ಕತ್ತಿ ಒರೆಸುತ್ತ ಇಣುಕಿದ:
ಇದಕ್ಕೆ ಹುಷಾರಿಲ್ಲದಿದ್ದರೆ ಹೆಂಗೆ ಗೊತ್ತಾಗ್ತದೆ?
ನಕ್ಕೆವು. ಆಮೇಲೆ ನಗಲಿಲ್ಲ.
ಹಂದಿಯಾದರೆ ಹೇಳುತ್ತದೆ. ಗಂಜಿ ಬಿಡುತ್ತದೆ,
ಕಿವಿ ನೀಲಿಗಟ್ಟುತ್ತದೆ, ಮೂಲೆಯಲ್ಲಿ ಒಂಟಿ ಮಲಗುತ್ತದೆ.
ತನ್ನ ಮೊದಲ ಡಾಕ್ಟರು ಅದೇ;
ನಾನು ಬರೀ ಸಹಿ ಹಾಕುವವಳು.
ಹಂಡೆಗೆ ಜ್ವರ ಬರುವುದಿಲ್ಲ.

ಮೇದಿನಿ ಮುಚ್ಚಿಡುವ ಹುಡುಗಿಯಲ್ಲ.
ಪ್ರತಿ ಬ್ಯಾಚಿಗೂ ಪರೀಕ್ಷೆ ಇದೆ ಅಂದಳು.
ಏನು ಕುಡಿದು ಬೆಳೆಯಿತು?
ಸಕ್ಕರೆ, ಉಪ್ಪು, ಬೆಳವಣಿಗೆಯ ಪ್ರೋಟೀನು.
ತುಂಡಿನಲ್ಲಿ ಅದೆಷ್ಟು ಉಳಿದಿದೆ?
ಅಳೆದಿದ್ದೇವೆ, ತೀರಾ ಕಡಿಮೆ.
ಒಡೆದೊಡೆದು ಬೆಳೆದ ಕೋಶ ಮೊದಲಿನ ಕೋಶವೇನಾ?
ನೋಡುತ್ತಿದ್ದೇವೆ.
ಇಪ್ಪತ್ತು ವರ್ಷ ಇದನ್ನೇ ತಿಂದವರು?
ಇನ್ನೂ ಯಾರೂ ಇಲ್ಲ.
ಮತ್ತೆ ಅದೇ ಪದ.

ಹಾಗಂತ ನನ್ನ ಮುದ್ರೆಗೆ ಜಂಬವಿಲ್ಲ.
ಸಿಲ್ವೆಸ್ಟರನ ಮೊಮ್ಮಗ ಆ್ಯಶ್ಲಿ, ಎಂಟು ವರ್ಷ,
ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಫಿಟ್ಸ್ ಬಂದು ಬಿದ್ದ.
ಸ್ಕ್ಯಾನಿನಲ್ಲಿ, ಮಿದುಳೊಳಗೆ, ಎರಡು ಸಬ್ಬಕ್ಕಿ.
ಯಾರೋ ಪಾಸು ಮಾಡಿದ ಮಾಂಸ ಯಾರದೋ ಕರುಳಿಗೆ,
ಕರುಳಿಂದ ತೊಳೆಯದ ಕೈಗೆ, ಕೈಯಿಂದ ಅವನ ಬಾಯಿಗೆ.
ದಾರಿ ಪಠ್ಯಪುಸ್ತಕದಲ್ಲಿದೆ;
ಯಾವ ಹಂದಿ ಅಂತ ಎಲ್ಲೂ ಇಲ್ಲ.
ಹಳೇ ಪುಟ ತಿರುವಿದೆ. ಇಲ್ಲ, ಇಲ್ಲ, ಇಲ್ಲ,
ದುಂಡಗೆ, ನನ್ನದೇ ಅಕ್ಷರ.
ಹುಡುಗ ಈಗ ಆರಾಮ. ಸಿಲ್ವೆಸ್ಟರ್
ಇವತ್ತಿನವರೆಗೆ ಒಂದು ಮಾತು ಕೇಳಿಲ್ಲ.

ಈ ತುಂಡಿನಲ್ಲಿ ಆ ಹುಳ ಇರಲಾರದು.
ಅದನ್ನೂ ಬರೆಯಬೇಕು.

ಸಂಜೆ ಪಕ್ಕದ ಮನೆಯ ಪೂವಕ್ಕ ನೋಡಿ ಮೂಗು ಮುರಿದರು:
ಕೊಬ್ಬೆಲ್ಲಿ ಮಾರಾಯ್ತಿ? ಕೊಬ್ಬಿಲ್ಲದೆ
ಕಾಚಂಪುಳಿ ಯಾರ ಜೊತೆ ಜಗಳ ಆಡಬೇಕು?
ಆಮೇಲೆ ದನಿ ಇಳಿಸಿ,
ನನಗೆ ಬಿಪಿ, ಉಳಿದದ್ದು ಒಂದು ಕಿಡ್ನಿ,
ನಾನು ತಿಂದರೆ ಏನೂ ಆಗಲ್ಲ ತಾನೇ?
ಹುಳಕ್ಕಾದರೆ ಚೆನ್ನಾಗಿ ಬೇಯಿಸಿ ಅನ್ನುತ್ತಿದ್ದೆ.
ಗೊತ್ತಿಲ್ಲದ್ದನ್ನು
ಎಷ್ಟು ಹೊತ್ತು ಬೇಯಿಸಬೇಕು?

ರಾತ್ರಿ ಅದು ನಾಯಿಲಸಿಕೆಯ ಫ್ರಿಜ್ಜಿನಲ್ಲಿತ್ತು.
ಎರಡಕ್ಕೆ ಕರೆಂಟು ಹೋಯಿತು. ಟಾರ್ಚ್ ಹಿಡಿದು ಹೋದೆ.
ನಾಲ್ಕು ಡಿಗ್ರಿ. ಐದು.
ಸ್ಟೂಲಿನ ಮೇಲೆ ಕೂತು ಕಾದೆ,
ತಾಯಿಯಿಲ್ಲದ, ಹೊಟ್ಟೆಯಿಲ್ಲದ, ನರಳಲಾರದ ಒಂದಕ್ಕೆ.

ಬೆಳಿಗ್ಗೆ ಕೊನೆಯ ಕಾಲಂ, ಷರಾ,
ಇಷ್ಟು ವರ್ಷ ಖಾಲಿ ಬಿಟ್ಟದ್ದು.
ಬರೆದೆ: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ.
ಕೇಳಬೇಕಾದ್ದೆಲ್ಲ ನನಗೆ ಗೊತ್ತಿಲ್ಲ.
ಮುದ್ರೆ ಒತ್ತಿಲ್ಲ. ಒತ್ತಲು ಚರ್ಮವೂ ಇಲ್ಲ.

ಹೊರಗಿಂದ ಸಿಲ್ವೆಸ್ಟರ್ ಕೂಗಿದ:
ಮೇಡಂ, ನಾಲಿಗೆ ಹಿಡಿದುಕೊಂಡಿದೀನಿ, ಬನ್ನಿ.
ಹೋದೆ.
ಒಂದು ಸಲ ಒತ್ತಿ ನೋಡಿದೆ.
ಇನ್ನೊಂದು ಸಲ.